ದಾರ, ಸಗಣಿ, ಕುಂಕುಮ, ಕೂದಲು: ಕಲಾವಿದೆ ಶೀಲಾ ಗೌಡ ಅವರ ಕೆಲಸ, ನೇಕಾರರ ಊರಿನಿಂದ ಕಂಡಂತೆ

ಬನಹಟ್ಟಿ: ದಾರ, ಸೂಜಿ, ಕುಂಕುಮ. ನಮ್ಮ ಊರಿನ ಯಾವ ಓಣಿಗೆ ಹೋದರೂ ಈ ಮೂರಕ್ಕೆ ಬರಗಾಲ ಇಲ್ಲ. ಪೇಟೆಯ ಸಣ್ಣ ಅಂಗಡಿಯಲ್ಲಿ ಕೇಳಿದರೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ. ಇದೇ ಮೂರು ಸಾಮಾನು, ಜೊತೆಗೆ ಒಂದಿಷ್ಟು ಅಂಟು ಇಟ್ಟುಕೊಂಡು ಕರ್ನಾಟಕದ ಕಲಾವಿದೆಯೊಬ್ಬರು 1998ರಲ್ಲಿ ಮಾಡಿದ ಕೃತಿಯೊಂದು ಮುಂದೆ ಅಮೆರಿಕ, ಯುರೋಪಿನ ಹೆಸರಾಂತ ಪ್ರದರ್ಶನಗಳನ್ನು ಮುಟ್ಟಿತು. ಕಲಾವಿದೆಯ ಹೆಸರು ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಇರುವುದು, ಕೆಲಸ ಮಾಡುವುದು ಬೆಂಗಳೂರಿನಲ್ಲಿ.

ರಬಕವಿ-ಬನಹಟ್ಟಿಗೂ ಅವರಿಗೂ ಏನು ಸಂಬಂಧ ಅಂತ ಕೇಳಬಹುದು. ಊರಿನ ಸಂಬಂಧ ಇಲ್ಲ. ಆದರೆ ಅವರು ಹಿಡಿದ ಸಾಮಾನುಗಳ ಜೊತೆ ಇಲ್ಲಿನವರಿಗೆ ಇರುವಷ್ಟು ಒಡನಾಟ ಬೇರೆಯವರಿಗೆ ಇರುವುದು ಕಷ್ಟ. ಇನ್ನೊಂದು, ಅವರಿಗೆ ಮೊದಲು ಕುಂಚ ಹಿಡಿಯಲು ಕಲಿಸಿದ ಶಾಲೆ ಕಟ್ಟಿದವರು ನಮ್ಮ ಜಿಲ್ಲೆಯವರೇ. ಅದರ ವಿಷಯ ಮುಂದೆ ಬರುತ್ತದೆ.

ಮಿಶ್ರ ಮಾಧ್ಯಮ ಅಂದ್ರೆ ಏನು?

ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ ಹಚ್ಚಿದರೆ ಅದು ಚಿತ್ರ, ಕಲ್ಲು ಕೆತ್ತಿದರೆ ಶಿಲ್ಪ. ಇವೆರಡರ ಗಡಿ ದಾಟಿ, ಒಂದಕ್ಕಿಂತ ಹೆಚ್ಚು ಬಗೆಯ ಸಾಮಾನುಗಳನ್ನು ಸೇರಿಸಿ ಮಾಡಿದ ಕೆಲಸಕ್ಕೆ ಮಿಶ್ರ ಮಾಧ್ಯಮ ಅನ್ನುತ್ತಾರೆ. ಬಟ್ಟೆ, ತಗಡು, ಕಾಗದ, ಫೋಟೋ, ಮಣ್ಣು, ದಾರ ಯಾವುದೂ ಆಗಬಹುದು. ಅದನ್ನೇ ಒಂದು ಕೋಣೆಗೆ ಹೊಂದುವಂತೆ, ಜನ ಒಳಗೆ ನಡೆದಾಡಿ ನೋಡುವಂತೆ ಜೋಡಿಸಿದರೆ ಇನ್‌ಸ್ಟಲೇಷನ್. ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ ಎಂಬ ಮಾತು ಚಾಲ್ತಿಯಲ್ಲಿದೆ. ಹೆಸರು ಭಾರೀ ಅನಿಸಿದರೂ ವಿಷಯ ನಮಗೆ ಹೊಸದಲ್ಲ. ಗಣಪತಿ ಹಬ್ಬದ ಮಂಟಪ ನೋಡಿದವರಿಗೆ, ಜಾತ್ರೆಯ ತೇರು ಕಟ್ಟುವುದನ್ನು ನೋಡಿದವರಿಗೆ ಇದರ ಅರ್ಧ ತಿಳಿದಂತೆಯೇ.

ಉಳಿದರ್ಧದಲ್ಲಿ ಒಂದು ವ್ಯತ್ಯಾಸ ಇದೆ. ತೇರಿನಲ್ಲಿ ಬಟ್ಟೆ, ಹಗ್ಗ, ಹೂವು ದೇವರಿಗಾಗಿ ಇರುತ್ತವೆ. ಶೀಲಾ ಗೌಡರ ಕೆಲಸದಲ್ಲಿ ಹಗ್ಗವೇ ನೋಡಬೇಕಾದ್ದು. ಆ ಹಗ್ಗ ಎಲ್ಲಿಂದ ಬಂತು, ಯಾರ ಕೈಯಲ್ಲಿ ಹೊಸೆಯಿತು, ಅದನ್ನು ಜನ ಯಾತಕ್ಕೆ ಕಟ್ಟುತ್ತಾರೆ, ಇದೆಲ್ಲ ಸೇರಿ ಕೃತಿ ಆಗುತ್ತದೆ.

ಬಾದಾಮಿ ಮೇಷ್ಟ್ರ ಶಾಲೆ

ಬೆಂಗಳೂರಿನ ಕೆನ್ ಕಲಾಶಾಲೆ ಕಟ್ಟಿದವರು ಆರ್.ಎಂ. ಹಡಪದ. ಬಾದಾಮಿಯವರು. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಈ ಶಾಲೆ ಶುರು ಮಾಡಿದರು. ಹಡಪದ ಮೇಷ್ಟ್ರು ಎಂದೇ ಕರೆಸಿಕೊಂಡ ಅವರು ಹಳ್ಳಿಗಾಡಿನಿಂದ, ಬಡತನದಿಂದ ಬಂದ ಹುಡುಗರಿಗೆ ಬಣ್ಣದ ಲೋಕ ತೋರಿಸಿದವರು. ಅವರ ಕೈಯಲ್ಲಿ ಕಲಿತವರು ಈಗ ರಾಜ್ಯದ ತುಂಬ ಇದ್ದಾರೆ. 2003ರಲ್ಲಿ ಹಡಪದ ತೀರಿಕೊಂಡರು. ಜಿಲ್ಲೆಯಲ್ಲಿ ಬಾದಾಮಿ ಗುಹೆಗಳ ಬಗ್ಗೆ ಶಾಲಾ ಮಕ್ಕಳೂ ನಾಲ್ಕು ಮಾತು ಹೇಳುತ್ತಾರೆ, ಅದೇ ಬಾದಾಮಿಯ ಹಡಪದರ ಹೆಸರು ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. ಇದು ಆಗಬಾರದಿತ್ತು.

ಶೀಲಾ ಗೌಡ ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ್ದು 1979ರಲ್ಲಿ, ಈ ಕೆನ್ ಶಾಲೆಯಲ್ಲಿ. ಅಲ್ಲಿಂದ ಬರೋಡಾ, ಆಮೇಲೆ ಶಾಂತಿನಿಕೇತನ, ಅದರ ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿ 1986ರಲ್ಲಿ ಎಂ.ಎ. ಮುಗಿಸಿದರು. ದಾರಿಯಲ್ಲಿ ಸಿಕ್ಕ ಗುರುಗಳಲ್ಲಿ ಮುಖ್ಯರಾದವರು ಕೆ.ಜಿ. ಸುಬ್ರಮಣ್ಯನ್. ನೇಕಾರರ ಊರಿನಲ್ಲಿ ಈ ಹೆಸರಿನ ಪಕ್ಕ ಒಂದು ವಿಷಯ ಬರೆಯಲೇಬೇಕು: ಸುಬ್ರಮಣ್ಯನ್ ಅವರು 1959ರಿಂದ 1961ರ ತನಕ ಮುಂಬೈನಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಉಪನಿರ್ದೇಶಕರಾಗಿದ್ದರು. ಚಿತ್ರಕಾರ ಬೇರೆ, ಕುಶಲಕರ್ಮಿ ಬೇರೆ ಎಂಬ ಗೋಡೆಯನ್ನು ಜೀವನವಿಡೀ ಒಪ್ಪದ ಮನುಷ್ಯ. ಆಟಿಕೆ ಮಾಡಿದರು, ಸುಟ್ಟ ಮಣ್ಣಿನ ಫಲಕ ಮಾಡಿದರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದರು. ಶಿಷ್ಯೆಯ ಕೈಗೆ ಮುಂದೆ ಸೂಜಿ-ದಾರ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಬಣ್ಣ ಬಿಟ್ಟು ಸಗಣಿ ಹಿಡಿದದ್ದು

ಮೊದಲು ಅವರು ಎಲ್ಲರಂತೆ ಕ್ಯಾನ್ವಾಸ್ ಮೇಲೆ ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದರು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಉರುಳಿತು. ಅದರ ಬೆನ್ನಿಗೇ ಮುಂಬೈ ಸೇರಿ ಹಲವು ಕಡೆ ಗಲಭೆ, ಸಾವು-ನೋವು. ಆ ಹೊತ್ತಿನಲ್ಲಿ ದೇಶದ ಅನೇಕ ಕಲಾವಿದರಿಗೆ ಎಣ್ಣೆಬಣ್ಣ ಸಾಲದಾಯಿತು. ಶೀಲಾ ಗೌಡ ಸಗಣಿ ಕೈಗೆತ್ತಿಕೊಂಡರು. ಮೊದಲು ಚಿತ್ರದ ಮೇಲೆ ಬಣ್ಣದ ಬದಲಿಗೆ, ಆಮೇಲೆ ಬರೀ ಸಗಣಿಯನ್ನೇ ಬೆರಣಿಯಾಗಿ, ಇಟ್ಟಿಗೆಯಾಗಿ. 1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಸಾಲಾಗಿ ಬಾಗಿ ಹೋಗುತ್ತವೆ, ನಡುವಿನ ಸಂದಿಯಲ್ಲಿ ಗಾರೆಯ ಜಾಗದಲ್ಲಿ ಕೆಂಪು ಕುಂಕುಮ.

ಪಟ್ಟಣದಲ್ಲಿ ಓದಿದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಲ್ಲ. ಬೆಳಿಗ್ಗೆ ಅಂಗಳ ಸಾರಿಸುವುದು ಸಗಣಿಯಿಂದ. ಒಲೆಗೆ ಕುಳ್ಳು ಬಡಿಯುವುದು ಸಗಣಿಯಿಂದ. ದೀಪಾವಳಿ ಬಂತೆಂದರೆ ಸಗಣಿಯ ಪಾಂಡವರನ್ನು ಮಾಡಿ, ಹೂವು ಚುಚ್ಚಿ, ಹಟ್ಟಿ ಹಬ್ಬ ಮಾಡುವುದು. ಒಂದೇ ವಸ್ತು ಬೆಳಿಗ್ಗೆ ಹೊಲಸು, ಹಬ್ಬದ ದಿನ ದೇವರು, ಸಂಜೆ ಒಲೆಯ ಉರುವಲು. ಮುಟ್ಟುವ ಕೈ ಮಾತ್ರ ಎಲ್ಲ ಹೊತ್ತಿನಲ್ಲೂ ಹೆಂಗಸರದ್ದು. ಆಕಳು ಪವಿತ್ರ ಎಂಬ ಮಾತು ಬೀದಿಯಲ್ಲಿ ಘೋಷಣೆಯಾಗಿ ಏರುತ್ತಿದ್ದ ದಿನಗಳಲ್ಲೇ, ಆಕಳ ಸಗಣಿ ಎತ್ತುವ ಹೆಣ್ಣಿನ ಕೆಲಸದ ಕಡೆಗೆ ಆ ಕೃತಿಗಳು ಕಣ್ಣು ತಿರುಗಿಸಿದವು. ಗಲಭೆಯ ಚಿತ್ರ ಬರೆಯದೆ, ರಕ್ತ ತೋರಿಸದೆ.

ಇಲ್ಲಿ ಒಂದು ಮಾತು. ವಿದೇಶದ ಗ್ಯಾಲರಿಯಲ್ಲಿ ಸಗಣಿ ನೋಡಿದವನಿಗೆ ಅದು ‘ಭಾರತ’ದ ಗುರುತಾಗಿ ಕಾಣುತ್ತದೆ. ಅವನ ಓದು ಅಷ್ಟಕ್ಕೇ ನಿಂತರೆ ಕೃತಿಯ ಮುಕ್ಕಾಲು ಪಾಲು ಅವನಿಗೆ ಸಿಗಲಿಲ್ಲ ಅಂತಲೇ ಲೆಕ್ಕ. ಸಗಣಿ ಒಣಗಿದಾಗ ಬೆರಳಿನ ಗುರುತು ಹಾಗೇ ಉಳಿಯುತ್ತದೆ ಎಂಬುದು ಕುಳ್ಳು ಬಡಿದವರಿಗೆ ಗೊತ್ತು. ಯಾವ ಮನೆಯ ಕುಳ್ಳು ಯಾರದ್ದೆಂದು ಬೆರಳಚ್ಚು ನೋಡಿ ಹೇಳುವ ಅಜ್ಜಿಯರೂ ಹಳ್ಳಿಗಳಲ್ಲಿ ಇರುತ್ತಾರೆ.

ನೂರಾರು ಅಡಿ ದಾರ, ಒಂದೊಂದೇ ಸೂಜಿ

ಮೊದಲು ಹೇಳಿದ 1998ರ ಕೃತಿಯ ಹೆಸರು ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಕನ್ನಡದಲ್ಲಿ ಹೇಳುವುದಾದರೆ, ನನ್ನ ನೋವನ್ನು ಅವನಿಗೆ ಹೇಳು. ನೋಡಲು ಅದು ಉದ್ದನೆಯ ಕೆಂಪು ಹಗ್ಗ. ಗೋಡೆಯಿಂದ ಇಳಿದು, ನೆಲದ ಮೇಲೆ ಸುರುಳಿ ಸುತ್ತಿ, ಮತ್ತೆ ಗೋಡೆ ಹತ್ತಿ, ಮೂಲೆಯಲ್ಲಿ ಗಂಟುಗಂಟಾಗಿ ಕೂತಿರುತ್ತದೆ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು.

ಮಾಡಿದ ಬಗೆ ಹೀಗೆ. ಸಾಮಾನ್ಯ ಹೊಲಿಗೆ ಸೂಜಿ. ಅದರ ಕಣ್ಣಿನಲ್ಲಿ ನೂರಾರು ಅಡಿ ಉದ್ದದ ದಾರ ಪೋಣಿಸಿ, ಪೂರ್ತಿ ಎಳೆಯಬೇಕು. ಆಮೇಲೆ ಇನ್ನೊಂದು ಸೂಜಿ, ಇನ್ನೊಂದು ದಾರ. ಹೀಗೆ ಎಷ್ಟೋ ಸಲ. ಆ ಎಳೆಗಳನ್ನೆಲ್ಲ ಒಟ್ಟು ಹಿಡಿದು, ಕುಂಕುಮ ಕಲಸಿದ ಅಂಟು ಸವರಿ ಹಗ್ಗ ಮಾಡಬೇಕು. ಯಂತ್ರ ಇಲ್ಲ, ಅಚ್ಚು ಇಲ್ಲ. ಅಂಗೈ, ಬೆರಳು, ಸಮಯ. ಸೂಜಿಗಳನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ. ಹೊಲಿಗೆ ಆದ ಮೇಲೆ ಸೂಜಿ ತೆಗೆದಿಡುವುದು ವಾಡಿಕೆ, ಇಲ್ಲಿ ಹೊಲಿಗೆಯೇ ಇಲ್ಲ, ಬಟ್ಟೆಯೂ ಇಲ್ಲ. ದಾರ ಎಳೆದ ಶ್ರಮ ಮಾತ್ರ ಉಳಿದಿದೆ.

ಈಗ ಬನಹಟ್ಟಿಯ ಲೆಕ್ಕ ನೋಡಿ. ಮಗ್ಗದ ಮೇಲೆ ಹಳೆಯ ಹಾಸು ಮುಗಿದು ಹೊಸ ಹಾಸು ಏರಿಸುವಾಗ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಸೇರಿಸಿ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ತಲೆ ಬಗ್ಗಿಸಿ ಕೂತರೆ ಕುತ್ತಿಗೆ ಹಿಡಿಯುತ್ತದೆ, ಬೆರಳ ತುದಿ ಸವೆಯುತ್ತದೆ. ಕೆಚ್ಚಿ ಮುಗಿಸಿ ಮಗ್ಗ ಓಡಿದ ಮೇಲೆ ಆ ಜೋಡಣೆ ಇದ್ದ ತುಣುಕು ಸೀರೆಯಲ್ಲಿ ಕಾಣುವುದೇ ಇಲ್ಲ, ಕತ್ತರಿಸಿ ಹೋಗುತ್ತದೆ. ಕಂಡಿಕೆ ಸುತ್ತುವವರ ಕಥೆಯೂ ಅಷ್ಟೇ. ಮನೆಯ ಮೂಲೆಯಲ್ಲಿ ಅಜ್ಜಿ, ಸೊಸೆ, ಶಾಲೆಯಿಂದ ಬಂದ ಹುಡುಗಿ ಸುತ್ತಿದ ಕಂಡಿಕೆ ಲಾಳಿಯೊಳಗೆ ಹೋಗಿ ಖಾಲಿ ಆಗುತ್ತದೆ. ಕೂಲಿ ಲೆಕ್ಕ ಬರೆಯುವಾಗ ಬಹಳ ಮನೆಗಳಲ್ಲಿ ನೇಯ್ದವನ ಹೆಸರಷ್ಟೇ ಬರುತ್ತದೆ.

ಇಳಕಲ್ ಸೀರೆಯ ಕೊಂಡಿ ಕೂಡ ಇದೇ ಜಾತಿಯ ಕೆಲಸ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ಈ ವಿದ್ಯೆಯಿಂದಲೇ ಇಳಕಲ್ ಸೀರೆ ಬೇರೆ ಸೀರೆಗಳಿಂದ ಬೇರೆ ನಿಲ್ಲುತ್ತದೆ. ಗಿರಾಕಿ ಸೆರಗಿನ ಬಣ್ಣ ನೋಡುತ್ತಾಳೆ, ಅಂಚು ನೋಡುತ್ತಾಳೆ. ಕೊಂಡಿ ಕೇಳುವವರು ಬೆರಳೆಣಿಕೆಯಷ್ಟು, ಇದನ್ನು ಯಾವ ಜವಳಿ ಅಂಗಡಿಯವರೂ ಹೇಳುತ್ತಾರೆ.

ಶೀಲಾ ಗೌಡರ ಕೆಂಪು ಹಗ್ಗದಲ್ಲಿ ಆಗಿರುವುದು ಇದರ ತಿರುಗುಮುರುಗು. ಅಲ್ಲಿ ಸೀರೆ ಇಲ್ಲ, ಕೆಚ್ಚಿದ್ದು ಮಾತ್ರ ಇದೆ. ಮಾರುವ ಮಾಲು ಕಳೆದು, ಅದರ ಹಿಂದಿನ ಕೈಕೆಲಸ ಮುಂದೆ ಬಂದು ನಿಂತಿದೆ. ಹಗ್ಗ ಒಮ್ಮೆ ಕರುಳಿನಂತೆ, ಒಮ್ಮೆ ಹೊಕ್ಕುಳಬಳ್ಳಿಯಂತೆ, ಒಮ್ಮೆ ರಕ್ತನಾಳದಂತೆ ಕಾಣುತ್ತದೆ. ಕುಂಕುಮ ಅಂದ ತಕ್ಷಣ ಮುತ್ತೈದೆತನ ನೆನಪಾಗುತ್ತದೆ, ಅದನ್ನು ಯಾರಿಗೆ ಹಚ್ಚುತ್ತಾರೆ, ಯಾರಿಗೆ ಹಚ್ಚುವುದಿಲ್ಲ ಎಂಬುದೂ ನೆನಪಾಗುತ್ತದೆ. ಹೆಸರಿನಲ್ಲಿರುವ ‘ನೋವು’ ಯಾರದ್ದು, ‘ಅವನು’ ಯಾರು ಎಂಬುದನ್ನು ಕಲಾವಿದೆ ಬಿಡಿಸಿ ಹೇಳಿಲ್ಲ. ಹೇಳಿದ್ದರೆ ಕೃತಿ ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಅಮೆರಿಕದ ಮಿನಿಯಾಪೊಲಿಸ್ ನಗರದ ವಾಕರ್ ಆರ್ಟ್ ಸೆಂಟರ್‌ನಲ್ಲಿ 2003ರಲ್ಲಿ ಇದು ಪ್ರದರ್ಶನಗೊಂಡಿತು. ಒಂದೇ ಹಗ್ಗವಾದರೂ ಪ್ರತಿ ಊರಿನಲ್ಲಿ ಅದರ ಆಕಾರ ಬೇರೆ. ಕೋಣೆ ನೋಡಿಕೊಂಡು ಹೊಸದಾಗಿ ಹಾಸಬೇಕು.

ನಾಲ್ಕು ಕಿಲೋಮೀಟರ್ ಕೂದಲು

2009ರಲ್ಲಿ ಇಟಲಿಯ ವೆನಿಸ್ ಬಿಯನಾಲೆಗೆ ಶೀಲಾ ಗೌಡ ಮಾಡಿದ ಕೃತಿ ‘ಬಿಹೋಲ್ಡ್’. ಬಿಯನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವ, ಅದರಲ್ಲಿ ವೆನಿಸ್‌ನದ್ದು ಜಗತ್ತಿನಲ್ಲೇ ಹಳೆಯದು. ಕೃತಿಯಲ್ಲಿ ಇದ್ದದ್ದು ಎರಡೇ ಬಗೆಯ ಸಾಮಾನು: ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಸಾವಿರ ಮೀಟರ್ ಹಗ್ಗ ಮತ್ತು ಇಪ್ಪತ್ತರ ಹತ್ತಿರ ಕಾರ್ ಬಂಪರ್‌ಗಳು. ಹೊಳೆಯುವ ಉಕ್ಕಿನ ಬಂಪರ್‌ಗಳನ್ನು ಕಪ್ಪು ಕೂದಲಿನ ಹಗ್ಗವೇ ಹೊತ್ತು ನೇತಾಡಿಸಿತ್ತು. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಕೂದಲಿನ ಹಗ್ಗ ಕಲಾವಿದೆಯ ಕಲ್ಪನೆ ಅಲ್ಲ. ದೃಷ್ಟಿ ತಾಗದಿರಲಿ, ಅಪಘಾತ ಆಗದಿರಲಿ ಎಂದು ವಾಹನದ ಬಂಪರ್‌ಗೆ ಕೂದಲಿನ ಹಗ್ಗ ಕಟ್ಟುವ ರೂಢಿ ಬೆಂಗಳೂರಿನಲ್ಲಿ ಇದೆ. ನಮ್ಮ ಟೆಂಪೋ, ಟ್ರ್ಯಾಕ್ಟರ್‌ಗಳಿಗೆ ಲಿಂಬೆಹಣ್ಣು-ಮೆಣಸಿನಕಾಯಿ, ಕರಿದಾರ ಕಟ್ಟುವ ಹಾಗೆ. ಕೂದಲು ಬರುವುದು ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರ ತಲೆಯಿಂದ. ಉದ್ದ ಕೂದಲು ವಿಗ್ ಮಾಡಲು ಹೊರದೇಶಕ್ಕೆ ಹೋಗುತ್ತದೆ, ಅದಕ್ಕೆ ಒಳ್ಳೆಯ ಬೆಲೆ. ಉಳಿದ ಗಿಡ್ಡ ಕೂದಲಿಗೆ ಹಗ್ಗದ ಗತಿ. ಹರಕೆ, ವ್ಯಾಪಾರ, ಹೆದರಿಕೆ ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿರುತ್ತವೆ. ಯಾರದೋ ಮಗುವಿನ ಮೊದಲ ಮುಡಿ, ಯಾರದೋ ಕಾಯಿಲೆ ವಾಸಿಯಾದ ಹರಕೆ ಎಲ್ಲೋ ಒಂದು ಲಾರಿಯ ಮುಂದೆ ತೂಗುತ್ತಿರುತ್ತದೆ.

ಗುರುತು ಎಂಬ ಮಾತನ್ನು ಇಲ್ಲಿ ನಿಂತು ಯೋಚಿಸಬೇಕು. ಕೂದಲಿಗಿಂತ ಖಾಸಗಿಯಾದ ಗುರುತು ಇನ್ನೇನಿದೆ? ಪೊಲೀಸರು ತನಿಖೆಗೆ ಒಂದು ಎಳೆ ಸಿಕ್ಕರೂ ಸಾಕು ಅನ್ನುತ್ತಾರೆ. ಅಂಥದ್ದು ಸಾವಿರಾರು ತಲೆಗಳಿಂದ ಇಳಿದು ಒಂದೇ ಹಗ್ಗದೊಳಗೆ ಸೇರಿದ ಕೂಡಲೇ ಯಾರ ಗುರುತೂ ಉಳಿಯುವುದಿಲ್ಲ. ಉಳಿಯುವುದು ಆ ಹಗ್ಗಕ್ಕೆ ಶಕ್ತಿ ಇದೆ ಎಂಬ ನಂಬಿಕೆ.

ಡಾಂಬರು ಡ್ರಮ್, ಊದಿನಕಡ್ಡಿ, ಒರಳುಕಲ್ಲು

ರಸ್ತೆ ಕೆಲಸದ ಕೂಲಿಕಾರರು ಖಾಲಿ ಡಾಂಬರು ಡ್ರಮ್ ಸೀಳಿ, ಬಡಿದು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. 2006ರ ‘ಡಾರ್ಕ್‌ರೂಮ್’ ಆ ಗುಡಿಸಲೇ. ಬಗ್ಗಿ ಒಳಗೆ ಹೋಗಬೇಕು. ಕತ್ತಲು. ತಲೆಯ ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತು, ಅದರಿಂದ ಇಳಿಯುವ ಬೆಳಕು ನಕ್ಷತ್ರಗಳಂತೆ. ಹೊರಗಿನಿಂದ ನೋಡಿದರೆ ಒಂದರ ಮೇಲೊಂದು ನಿಲ್ಲಿಸಿದ ಡ್ರಮ್‌ಗಳು ಅರಮನೆಯ ಕಂಬಗಳಂತೆ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಹಂಗಾಮಿನಲ್ಲಿ ಗದ್ದೆಯ ಪಕ್ಕ ಏಳುವ ಕಟಾವು ಗ್ಯಾಂಗಿನ ಗುಡಿಸಲುಗಳನ್ನು ಕಂಡವರಿಗೆ ಇದಕ್ಕೆ ಹೆಚ್ಚಿನ ವಿವರಣೆ ಬೇಡ.

2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಹೋದ ‘ಕೊಲ್ಯಾಟರಲ್’ ಊದಿನಕಡ್ಡಿಯ ಹಿಟ್ಟಿನದ್ದು. ಮನೆಯಲ್ಲಿ ಕೂತು ದಿನವಿಡೀ ಊದಿನಕಡ್ಡಿ ಹೊಸೆಯುವ ಹೆಂಗಸರು ಬೆಂಗಳೂರಿನಲ್ಲಿ ಸಾವಿರಗಟ್ಟಲೆ. ಅದೇ ಹಿಟ್ಟನ್ನು ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ, ಸುಟ್ಟು, ಬೂದಿಯನ್ನು ಅಲ್ಲಾಡಿಸದೆ ಹಾಗೇ ಬಿಟ್ಟರು. ಊದಿದರೆ ಹಾರುವಂಥ ಕೃತಿ.

ನಮ್ಮ ಮಂದಿಗೆ ಥಟ್ಟನೆ ಮನಸ್ಸಿಗೆ ನಾಟುವುದು ಬಹುಶಃ ಇನ್ನೊಂದು ಕೃತಿ, 2012ರಲ್ಲಿ ಕೊಚ್ಚಿಯ ಮೊದಲ ಬಿಯನಾಲೆಯಲ್ಲಿ ಇದ್ದ ‘ಸ್ಟಾಪ್‌ಓವರ್’. ಇದನ್ನು ಅವರು ಪತಿ, ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆ ಸೇರಿ ಮಾಡಿದ್ದು. ಬೆಂಗಳೂರಿನಲ್ಲಿ ಮಿಕ್ಸಿ, ಗ್ರೈಂಡರ್ ಬಂದ ಮೇಲೆ, ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ರುಬ್ಬುವ ಒರಳುಕಲ್ಲುಗಳು ಬೀದಿಗೆ ಬಂದವು. ಒಡೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗ ಇಲ್ಲ. ಹಾಗಾಗಿ ರಸ್ತೆ ಬದಿಯಲ್ಲಿ ಬಿಟ್ಟು ಹೋಗುತ್ತಾರೆ. ಅಂಥ ನೂರಕ್ಕೂ ಹೆಚ್ಚು ಕಲ್ಲುಗಳನ್ನು ಹೊತ್ತು ಕೊಚ್ಚಿಗೆ ಒಯ್ದು ಹಾಕಿದರು. ಬನಹಟ್ಟಿಯಲ್ಲಿ ಪಾಳು ಬಿದ್ದ ಮನೆಯ ಹಿತ್ತಲಿನಲ್ಲಿ ಒರಳು, ಬೀಸುವಕಲ್ಲಿನ ಜೊತೆ ಮುರಿದ ಕೈಮಗ್ಗದ ಕಟ್ಟಿಗೆಯೂ ಬಿದ್ದಿರುತ್ತದೆ. ಕುಣಿಮಗ್ಗದ ಗುಂಡಿ ಮುಚ್ಚಿ ಫರಸಿ ಹಾಕಿದ ಮನೆಗಳಲ್ಲಿ ಆ ಚೌಕದ ಗುರುತು ನೆಲದ ಮೇಲೆ ಇನ್ನೂ ಕಾಣುತ್ತದೆ.

ಮುಖ ತೋರಿಸದ ಗುರುತು

ಕಲಾವಿದರು ತಮ್ಮ ಗುರುತನ್ನು ಹುಡುಕುವುದು ಎಂದರೆ ಸಾಮಾನ್ಯವಾಗಿ ತಮ್ಮ ಮುಖ ಬರೆದುಕೊಳ್ಳುವುದು, ತಮ್ಮ ಕಥೆ ಹೇಳುವುದು. ಬೆಂಗಳೂರಿನ ಇನ್ನೊಬ್ಬ ಕಲಾವಿದೆ ಪುಷ್ಪಮಾಲಾ ಎನ್. ಆ ದಾರಿಯನ್ನೇ ಹಿಡಿದು, ಅದನ್ನು ತಲೆಕೆಳಗು ಮಾಡಿದವರು. ಓದಿದ್ದು ಶಿಲ್ಪಕಲೆ. ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರ ನಡುವೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿ ಆಗುತ್ತಾರೆ, ಸಿನಿಮಾ ನಾಯಕಿ ಆಗುತ್ತಾರೆ, ಪತ್ರಿಕೆಯಲ್ಲಿ ಬಂದ ಕಳ್ಳಿಯರ ಫೋಟೋದ ಹೆಂಗಸಾಗುತ್ತಾರೆ, ನಮ್ಮ ವಿಜಯಪುರದ ಆದಿಲ್‌ಶಾಹಿ ಕಾಲದ ಕಿರುಚಿತ್ರದ ಯೋಗಿನಿಯೂ ಆಗುತ್ತಾರೆ. ಹೆಣ್ಣು ಅಂದ್ರೆ ಹೀಗೆ ಅಂತ ಯಾರೋ ಬರೆದಿಟ್ಟ ಚಿತ್ರಗಳೊಳಗೆ ಹೊಕ್ಕು, ಒಳಗಿನಿಂದ ನಗುತ್ತಾರೆ.

ಶೀಲಾ ಗೌಡ ಇದಕ್ಕೆ ಪೂರ್ತಿ ಎದುರು ದಿಕ್ಕು. ಅವರ ದೊಡ್ಡ ಕೃತಿಗಳಲ್ಲಿ ಅವರ ಮುಖವಿಲ್ಲ, ಹೆಚ್ಚಿನವುಗಳಲ್ಲಿ ಯಾರ ಮುಖವೂ ಇಲ್ಲ. ಸಗಣಿ ಬಡಿಯುವವಳು, ದಾರ ಎಳೆಯುವವಳು, ಕಡ್ಡಿ ಹೊಸೆಯುವವಳು, ಡ್ರಮ್ ಸೀಳುವವನು, ಮುಡಿ ಕೊಟ್ಟವರು ಇವರೆಲ್ಲ ಸಾಮಾನಿನ ಮೂಲಕವಷ್ಟೇ ಹಾಜರಿ ಹಾಕುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ಪಂಚಾಯ್ತಿ ಬೇಡ. ಆದರೆ ದುಡಿಮೆಯಿಂದಲೇ ಗುರುತು ಪಡೆದ ಊರಿಗೆ ಎರಡನೆಯ ದಾರಿ ಹೆಚ್ಚು ಹತ್ತಿರ.

ನಮ್ಮಲ್ಲಿ ಗುರುತು ಅಂದರೆ ಮೊದಲು ನೆನಪಾಗುವುದು ಗುರುತಿನ ಚೀಟಿ. ನೇಕಾರರ ಕಾರ್ಡ್ ಇದ್ದವನು ನೇಕಾರ. ಕೈಮಗ್ಗದ ಬಟ್ಟೆಗೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಸರ್ಕಾರಿ ಚಿಹ್ನೆ ಇದೆ. ಇದು ಕೈಯಲ್ಲಿ ನೇಯ್ದದ್ದು ಎಂದು ಅದು ಹೇಳುತ್ತದೆ, ಯಾರ ಕೈ ಎಂದು ಹೇಳುವುದಿಲ್ಲ. ವಿದ್ಯುತ್ ಮಗ್ಗದ ಸೀರೆಗೆ ಅಷ್ಟೂ ಇಲ್ಲ, ಅಂಗಡಿಯ ಲೇಬಲ್ಲೇ ಅದರ ಹೆಸರು. ಮಗ್ಗದ ಸದ್ದಿಗೇ ಕಿವಿ ಮಂದವಾದ ಹಿರಿಯರ ಮನೆಯಲ್ಲಿ ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಿರುವ ಈ ಕಾಲದಲ್ಲಿ, ಕೆಚ್ಚುವ ಕೈ ಇಲ್ಲದಾದರೆ ಅದರ ದಾಖಲೆ ಎಲ್ಲಿರುತ್ತದೆ ಎಂಬುದು ಕಲೆಯ ಪ್ರಶ್ನೆ ಮಾತ್ರ ಅಲ್ಲ.

‘ಇದ್ರಾಗ ಕಲೆ ಏನೈತಿ?’

ಈ ಪ್ರಶ್ನೆ ನ್ಯಾಯವಾದದ್ದೇ. ನಾವು ದಿನಾ ಮಾಡುವ ಕೆಲಸವನ್ನೇ ಅವರು ಮಾಡಿದರೆ ಅದಕ್ಕೆ ಮ್ಯೂಸಿಯಂ ಯಾಕೆ, ನಮಗೆ ಕೂಲಿ ಮಾತ್ರ ಯಾಕೆ ಎಂದು ಕೆಚ್ಚುವ ಹೆಣ್ಣುಮಗಳು ಕೇಳಿದರೆ ಸುಲಭದ ಉತ್ತರ ಇಲ್ಲ. ಕಲೆಯ ಮಾರುಕಟ್ಟೆ ಒಂದು ಬೇರೆಯೇ ಸಂತೆ. ಅಲ್ಲಿ ಹೆಸರಿಗೆ ಬೆಲೆ, ಇಲ್ಲಿ ಮೀಟರಿಗೆ ಬೆಲೆ. ಬೇರೆಯವರ ಶ್ರಮವನ್ನು ತೋರಿಸಿ ತನಗೆ ಹೆಸರು ಎಂಬ ಆಕ್ಷೇಪ ಇಂಥ ಕಲೆಯ ಮೇಲೆ ಯಾವಾಗಲೂ ಇದ್ದದ್ದೇ, ಅದನ್ನು ತಳ್ಳಿಹಾಕಬೇಕಾಗಿಲ್ಲ.

ಆದರೂ ಒಂದು ಲೆಕ್ಕ ಶೀಲಾ ಗೌಡರ ಕಡೆಗೆ ವಾಲುತ್ತದೆ. ಕೆಂಪು ಹಗ್ಗದ ಕೆಲಸದಲ್ಲಿ ಅವರು ಶ್ರಮದ ಚಿತ್ರ ಬರೆಯಲಿಲ್ಲ, ಶ್ರಮವನ್ನೇ ಪಟ್ಟರು. ನೇಕಾರನ ಬಡತನದ ಮೇಲೆ ಕಣ್ಣೀರು ತರಿಸುವ ಫೋಟೋಗಳು ಬೇಕಾದಷ್ಟಿವೆ, ನೋಡಿದವರು ಅಯ್ಯೋ ಎಂದು ಮುಂದೆ ಹೋಗುತ್ತಾರೆ. ಆ ಹಗ್ಗದ ಮುಂದೆ ಅಯ್ಯೋ ಅನ್ನಲು ಯಾರೂ ಕಾಣುವುದಿಲ್ಲ. ಎಷ್ಟು ಸಲ ಎಳೆದಿರಬೇಕು ಎಂಬ ಎಣಿಕೆಯೇ ನೋಡುವವರ ತಲೆಯಲ್ಲಿ ಶುರುವಾಗುತ್ತದೆ. ಮರುಕ ಬೇರೆ, ಎಣಿಕೆ ಬೇರೆ. ನೇಕಾರರಿಗೆ ಬೇಕಿರುವುದು ಎರಡನೆಯದ್ದೇ.

ಪ್ರಶಸ್ತಿ, ಪ್ರದರ್ಶನ

ಶೀಲಾ ಗೌಡ ಅವರಿಗೆ 2013ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಸಿಕ್ಕಿದೆ. 2014ರ ಹ್ಯೂಗೋ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು. 2019ರಲ್ಲಿ ಆಸ್ಟ್ರಿಯಾದ ಚಿತ್ರಕಾರ್ತಿಯ ಹೆಸರಿನ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಅದೇ ವರ್ಷ ಇಟಲಿಯ ಮಿಲಾನ್‌ನಲ್ಲಿ, 2020ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅವರ ದೊಡ್ಡ ಏಕವ್ಯಕ್ತಿ ಪ್ರದರ್ಶನಗಳು ನಡೆದವು.

ತಾಲೂಕಿನ ಮಕ್ಕಳಲ್ಲಿ ಚಿತ್ರಕಲೆ ಓದುವ ಆಸೆ ಇದ್ದವರಿಗೆ ಹತ್ತಿರದ ಹಳೆಯ ಹೆಸರು ಧಾರವಾಡದ ಹಾಲಭಾವಿ ಕಲಾಶಾಲೆ. ಡಿ.ವಿ. ಹಾಲಭಾವಿ ಅವರು 1935ರಲ್ಲಿ ಶುರು ಮಾಡಿದ್ದು. ಹಡಪದ ಮೇಷ್ಟ್ರ ಕೆನ್ ಶಾಲೆ ಬೆಂಗಳೂರಿನಲ್ಲಿದೆ. ಬೆಂಗಳೂರಿಗೆ ಕೆಲಸದ ಮೇಲೆ ಹೋದವರು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಂದು ಸುತ್ತು ಹಾಕಬಹುದು, ಸೋಮವಾರ ಬಾಗಿಲು ಮುಚ್ಚಿರುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರೇ ರಸ್ತೆ ಬದಿಯಲ್ಲಿ ಕೂತು ಮಾರುತ್ತಾರೆ, ಚೌಕಾಶಿಯೂ ನಡೆಯುತ್ತದೆ.